ಸೆಪ್ಟೆಂಬರ್‌ನಲ್ಲೋ, ಜನವರಿಯಲ್ಲೋ: ದೂರಶಿಕ್ಷಣ ಪದವಿಗೆ ಸೇರುವ ಹೊತ್ತನ್ನು ಗೊತ್ತುಮಾಡಿದ ಒಂದು ಪ್ರಕರಣ

2024ರ ಸೆಪ್ಟೆಂಬರ್ ತಿಂಗಳ ಮೊದಲ ಭಾನುವಾರ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ 31 ವರ್ಷದ ಮಹಿಳೆಯೊಬ್ಬರು ಗಂಡ ಮತ್ತು ಆರು ವರ್ಷದ ಮಗನೊಂದಿಗೆ ನಮ್ಮ ಮನೆಗೆ ಬಂದರು. ಅವರ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಅಂಕಪಟ್ಟಿಗಳು, ಆಧಾರ್ ಕಾರ್ಡಿನ ಪ್ರತಿ, ನಾಲ್ಕು ಭಾವಚಿತ್ರಗಳು ಇದ್ದವು. ದೂರಶಿಕ್ಷಣಕ್ಕೆ ವರ್ಷದಲ್ಲಿ ಎರಡು ಬಾರಿ, ಜುಲೈ ಆವೃತ್ತಿ ಮತ್ತು ಜನವರಿ ಆವೃತ್ತಿ ಎಂದು, ಸೇರಬಹುದು; ಜುಲೈ ಆವೃತ್ತಿಯ ಪ್ರವೇಶಾತಿ ಮುಗಿಯುವ ಹಂತದಲ್ಲಿತ್ತು. ಬಿ.ಕಾಂ.ಗೆ ಈಗಲೇ ಸೇರಬೇಕೋ, ಜನವರಿ ಆವೃತ್ತಿಯವರೆಗೆ ಕಾಯಬೇಕೋ ಎಂಬುದು ಅವರ ಪ್ರಶ್ನೆಯಾಗಿತ್ತು. ಪದವಿ ಕಾಲೇಜಿನಲ್ಲಿ ವಾಣಿಜ್ಯ ಬೋಧಿಸಿ ನಿವೃತ್ತನಾದ ನನ್ನ ಬಳಿಗೆ ವರ್ಷಕ್ಕೆ ಹತ್ತಾರು ಮಂದಿ ಇಂಥ ಪ್ರಶ್ನೆ ಹೊತ್ತು ಬರುತ್ತಾರೆ. ಹೆಚ್ಚಿನವರು ಯಾವ ಕೋರ್ಸು, ಎಷ್ಟು ಶುಲ್ಕ ಎಂದು ಕೇಳುತ್ತಾರೆಯೇ ಹೊರತು ಯಾವಾಗ ಎಂದು ಕೇಳುವುದಿಲ್ಲ. ಈಕೆ ಕೇಳಿದರು ಎಂಬ ಕಾರಣಕ್ಕಾಗಿಯೇ ಈ ಪ್ರಕರಣವನ್ನು, ಗುರುತು ಹತ್ತುವಂಥ ವಿವರಗಳನ್ನು ಬಿಟ್ಟು, ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಹೀಗಿದೆ. ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿದ ಆಕೆಗೆ ಪದವಿಗೆ ಸೇರುವ ಮೊದಲೇ ಮದುವೆಯಾಯಿತು. ಕೆಲವು ವರ್ಷಗಳಿಂದ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ಅಂದರೆ ಊರಿನವರು ಸೊಸೈಟಿ ಎನ್ನುವ ಕಡೆ, ಗುಮಾಸ್ತೆಯಾಗಿದ್ದಾರೆ. ನಗದು ಪುಸ್ತಕ, ಸಾಲದ ಲೆಡ್ಜರು, ಗೊಬ್ಬರದ ದಾಸ್ತಾನು ಪುಸ್ತಕ ಎಲ್ಲವೂ ಅವರ ಕೈಬರಹದಲ್ಲೇ ಇವೆ. 2024ರ ಆರಂಭದಲ್ಲಿ ಲೋಕಸೇವಾ ಆಯೋಗವು ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹುದ್ದೆಗಳಿಗೆ, ಒಟ್ಟು 247 ಸ್ಥಾನಗಳಿಗೆ, ಅರ್ಜಿ ಕರೆದಾಗ ಆಕೆ ಅಧಿಸೂಚನೆಯನ್ನು ಕೊನೆಯವರೆಗೂ ಓದಿದರು. ಪದವಿ ಕಡ್ಡಾಯ ಎಂಬ ಸಾಲಿನಲ್ಲಿ ನಿಲ್ಲಬೇಕಾಯಿತು. ಅದೇ ವರ್ಷ ಗ್ರಾಮ ಆಡಳಿತಾಧಿಕಾರಿಯ 1000 ಹುದ್ದೆಗಳಿಗೆ ಪಿಯುಸಿ ಸಾಕಾಗಿದ್ದರಿಂದ ಅದಕ್ಕೆ ಅರ್ಜಿ ಹಾಕಿದ್ದರು. ಎರಡು ಅಧಿಸೂಚನೆಗಳನ್ನು ಒಟ್ಟೊಟ್ಟಿಗೆ ಓದಿದ ಮೇಲೆ, ತಮಗೆ ತೆರೆದಿರುವ ಬಾಗಿಲು ಯಾವುದು, ಮುಚ್ಚಿರುವುದು ಯಾವುದು ಎಂಬುದು ಅವರಿಗೆ ಹಿಂದೆಂದಿಗಿಂತ ಸ್ಪಷ್ಟವಾಗಿತ್ತು.

ಗಂಡನ ಅಭಿಪ್ರಾಯ ನೇರವಾಗಿತ್ತು: "ಈಗ ಮನಸ್ಸು ಬಂದಿದೆ ಸರ್, ಈಗಲೇ ಕಟ್ಟಿಬಿಡಲಿ. ಆರು ತಿಂಗಳು ಬಿಟ್ಟರೆ ಇನ್ನೊಂದು ತಾಪತ್ರಯ ಬರುತ್ತೆ." ಶುಲ್ಕಕ್ಕೆ ಅತ್ತೆಯವರು ಗೃಹಲಕ್ಷ್ಮಿಯ ಎರಡು ಸಾವಿರವನ್ನು ತಿಂಗಳು ತಿಂಗಳು ಕೂಡಿಟ್ಟಿದ್ದರು. ಸೊಸೆ ಓದಲಿ ಎಂದು ಅತ್ತೆ ಹಣ ಎತ್ತಿಡುವ ಮನೆಯಲ್ಲಿ ಉತ್ಸಾಹದ ಕೊರತೆ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಾನು ಮುಂದೆ ಕೊಟ್ಟ ಸಲಹೆ ಆ ಉತ್ಸಾಹಕ್ಕೆ ಸ್ವಲ್ಪ ನೀರೆರಚುವಂಥದ್ದಾಗಿತ್ತು.

ಮೊದಲು ಬಗೆಹರಿಸಬೇಕಾದದ್ದು ಮಾನ್ಯತೆಯ ಪ್ರಶ್ನೆ. ಆಕೆಗೆ ಕನ್ನಡ ಮಾಧ್ಯಮ ಬೇಕಿತ್ತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಬಿ.ಕಾಂ. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆಯುವುದರಿಂದ ಆಯ್ಕೆ ಸಹಜವಾಗಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕಡೆಗೆ ಹೋಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಿಂದ ನಡೆದುಬಂದ, ಹಿರಿಯರು ಇಂದಿಗೂ ಅಂಚೆ ತೆರಪಿನ ಶಿಕ್ಷಣ ಎಂದೇ ಕರೆಯುವ ವ್ಯವಸ್ಥೆಯೇ 1996ರಲ್ಲಿ ಈ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಆದರೆ ಹಳ್ಳಿಗಳಲ್ಲಿ ಇನ್ನೊಂದು ನೆನಪೂ ಉಳಿದಿದೆ. 2013-14ರಿಂದ ಮಾನ್ಯತೆ ಮುಂದುವರಿದಿಲ್ಲ ಎಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ (ಯುಜಿಸಿ) 2015ರ ಜೂನ್‌ನಲ್ಲಿ ಪ್ರಕಟಿಸಿದಾಗ ಆ ನಡುವೆ ಸೇರಿದ್ದವರು ಅತಂತ್ರರಾದರು. 2018ರಲ್ಲಿ, 2018-19ನೆಯ ಸಾಲಿನಿಂದ ಅನ್ವಯವಾಗುವಂತೆ ಮಾನ್ಯತೆ ಮತ್ತೆ ದೊರೆಯಿತು. ಮಾನ್ಯತೆ ಎಂಬುದು ಸಂಸ್ಥೆಗೆ ಒಮ್ಮೆ ಸಿಕ್ಕಿ ಮುಗಿಯುವ ಮುದ್ರೆಯಲ್ಲ, ಅದು ಕೋರ್ಸಿಗೂ ಸಾಲಿಗೂ ಸಂಬಂಧಿಸಿದ್ದು ಎಂಬುದು ಈ ಇತಿಹಾಸದಿಂದ ತಿಳಿಯಬೇಕಾದ ವಿಷಯ. ಹಾಗಾಗಿ ಸೇರುವವರು ಯಾರೇ ಆಗಲಿ, ಯಾವ ವಿಶ್ವವಿದ್ಯಾನಿಲಯವೇ ಆಗಲಿ, ತಾವು ಸೇರುವ ಆವೃತ್ತಿಗೆ ತಮ್ಮ ಕೋರ್ಸಿನ ಹೆಸರು ಯುಜಿಸಿಯ ದೂರಶಿಕ್ಷಣ ಬ್ಯೂರೋದ (ಡಿಇಬಿ) ಪಟ್ಟಿಯಲ್ಲಿ ಇದೆಯೇ ಎಂದು ಅದೇ ವಾರ ನೋಡಬೇಕು. ನಾವು ನೋಡಿದೆವು, ಇತ್ತು. ಯುಜಿಸಿಯ 2020ರ ನಿಯಮಾವಳಿಯ ಪ್ರಕಾರ ಹೀಗೆ ಮಾನ್ಯತೆಯುಳ್ಳ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂಬುದನ್ನೂ ಗಂಡನಿಗೆ ತೋರಿಸಿದೆ. ರಾಜ್ಯ ಸರ್ಕಾರ 2024ರಲ್ಲೇ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದರಿಂದ "ನಾಲ್ಕು ವರ್ಷ ಎಳೆಯುತ್ತಾರಂತೆ" ಎಂಬ ಭಯವೂ ಹೋಯಿತು.

ಎರಡನೆಯದು ಕಾಗದಪತ್ರ. ಇದು ಸಣ್ಣ ವಿಷಯವೆಂದು ತೋರುತ್ತದೆ; ಈ ಪ್ರಕರಣದಲ್ಲಿ ಹಾಗಾಗಲಿಲ್ಲ. 2024ರ ಆ ಆವೃತ್ತಿಯಿಂದಲೇ ದೂರಶಿಕ್ಷಣಕ್ಕೆ ಸೇರುವವರೆಲ್ಲ ಡಿಇಬಿ ಐಡಿ ಎಂಬ ಗುರುತಿನ ಸಂಖ್ಯೆ ಪಡೆಯುವುದು ಕಡ್ಡಾಯವಾಯಿತು. ಅದಕ್ಕೆ ಮೊದಲು, ಓದಿನ ಪ್ರಮಾಣವನ್ನು ಅಳೆಯುವ ಕ್ರೆಡಿಟ್‌ಗಳನ್ನು ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ (ಎಬಿಸಿ) ಖಾತೆ ಬೇಕು, ಆ ಖಾತೆಯನ್ನು ಡಿಜಿಲಾಕರ್‌ನಲ್ಲಿ ಆಧಾರ್ ಮೂಲಕ ತೆರೆಯಬೇಕು. ಆಕೆಯ ಅಂಕಪಟ್ಟಿಗಳಲ್ಲಿ ಹೆಸರಿನ ಹಿಂದೆ ತಂದೆಯ ಇನಿಷಿಯಲ್ ಇತ್ತು. ಆಧಾರ್‌ನಲ್ಲಿ, ಮದುವೆಯಾದ ಮೇಲೆ ತಿದ್ದಿಸಿದ್ದರಿಂದ, ಗಂಡನ ಹೆಸರು ಸೇರಿತ್ತು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಿಸಬಹುದು, ಅದರಲ್ಲಿ ಒಂದು ಅವಕಾಶ ಆಗಲೇ ಮುಗಿದಿತ್ತು. ಉಳಿದ ಒಂದನ್ನು ಅವಸರದಲ್ಲಿ, ಕಾಗುಣಿತ ಸರಿಯಾಗಿ ನೋಡದೆ ಬಳಸಿಬಿಟ್ಟರೆ ಮುಂದೆ ದಾರಿ ಬಹಳ ಕಷ್ಟ. ಒಂದು ಹೆಸರಿನಲ್ಲಿ ಪಿಯುಸಿ, ಇನ್ನೊಂದು ಹೆಸರಿನಲ್ಲಿ ಪದವಿ ಇದ್ದರೆ ನಾಳೆ ದಾಖಲೆ ಪರಿಶೀಲನೆಯ ದಿನ ಅದೇ ದೊಡ್ಡ ಗೋಡೆಯಾಗುತ್ತದೆ. ಮದುವೆಯಾದ ಮೇಲೆ ಓದಲು ಹೊರಡುವ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಈ ತೊಡಕನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪ್ರವೇಶದ ಕೊನೆಯ ವಾರದಲ್ಲಿ ಇದು ಗೊತ್ತಾಗುವುದೇ ಹೆಚ್ಚು ಎಂಬುದು ನನಗೆ ನಿಜವಾಗಿಯೂ ನೋವು ತರುವ ಸಂಗತಿ.

ಇನ್ನು ನಿರ್ಧಾರದ ತಿರುಳಿಗೆ ಬರುತ್ತೇನೆ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು ಎಂಬ ಲೆಕ್ಕವಿದೆ. ಮೂರು ವರ್ಷದ ಪದವಿಗೆ ಯುಜಿಸಿಯ ಚೌಕಟ್ಟಿನಲ್ಲಿ 120 ಕ್ರೆಡಿಟ್ ಬೇಕು. ಗುಣಿಸಿದರೆ 3600 ಗಂಟೆ, ಮೂರು ವರ್ಷದ 156 ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು 23 ಗಂಟೆ. ಈ ಅಂಕಿಯನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆಕೆ ಕೆಲಹೊತ್ತು ಮಾತಾಡಲಿಲ್ಲ. ಅಷ್ಟನ್ನೂ ಯಾರೂ ಓದುವುದಿಲ್ಲ, ಜಮಾ ಖರ್ಚು ದಿನವೂ ಬರೆಯುವವರಿಗೆ ಲೆಕ್ಕಶಾಸ್ತ್ರದ ಪತ್ರಿಕೆಗಳಲ್ಲಿ ಅಷ್ಟು ಹೊತ್ತು ಬೇಡ, ವಾರಕ್ಕೆ 14 ಗಂಟೆ ತಪ್ಪದೆ ಸಿಕ್ಕರೆ ನಿಮಗೆ ಸಾಕು ಎಂದು ನಾನೇ ಹೇಳಿದೆ. ಈ 14 ನನ್ನ ಅಂದಾಜೇ ಹೊರತು ಯಾವ ನಿಯಮವೂ ಅಲ್ಲ. ಬೋಧನೆಯ ಅನುಭವದಿಂದ ಬಂದದ್ದು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕುವ ಮೊದಲು ಒಂದು ಗಂಟೆ, ರಾತ್ರಿ ಮಗ ಮಲಗಿದ ಮೇಲೆ ಒಂದು ಗಂಟೆ ಎಂದರೆ ಲೆಕ್ಕ ಸರಿಹೋಗುತ್ತದೆ. ಪುಸ್ತಕದ ಮೇಲೆ ಸರಿಹೋಗುವ ಲೆಕ್ಕ ಮನೆಯಲ್ಲಿ ಸರಿಹೋಗುತ್ತದೆಯೇ ಎಂಬುದೇ ಪ್ರಶ್ನೆ.

ಆ ವರ್ಷದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ನಾಲ್ಕು ತಿಂಗಳುಗಳನ್ನು ನಾವು ವಾರವಾರವಾಗಿ ಬಿಡಿಸಿ ನೋಡಿದೆವು. ಸಹಕಾರ ಸಂಘದ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕೆಂಬುದು ಕಾನೂನು. ಅದಕ್ಕೆ ಮುಂಚೆ ಲೆಕ್ಕಪರಿಶೋಧನೆ ಮುಗಿದು ವರದಿ ಅಚ್ಚಾಗಬೇಕು. ಗ್ರಾಮ ಆಡಳಿತಾಧಿಕಾರಿ ಹುದ್ದೆಯ ಕಡ್ಡಾಯ ಕನ್ನಡ ಪರೀಕ್ಷೆ ಸೆಪ್ಟೆಂಬರ್ ಕೊನೆಯಲ್ಲಿ, ಸ್ಪರ್ಧಾತ್ಮಕ ಪರೀಕ್ಷೆ ಅಕ್ಟೋಬರ್ ಕೊನೆಯಲ್ಲಿ ಇದ್ದವು. ಇವುಗಳ ಜೊತೆಗೆ ಸೊಸೈಟಿಯ ಕಂಪ್ಯೂಟರೀಕರಣವೂ ನಡೆಯುತ್ತಿತ್ತು. ದೇಶದ 63,000 ಪ್ರಾಥಮಿಕ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟದ್ದರ ಫಲ ಹಳ್ಳಿಗೆ ತಲುಪುವ ಹೊತ್ತಿಗೆ, ಹಳೆಯ ಸಾಲದ ಲೆಡ್ಜರುಗಳನ್ನೆಲ್ಲ ಸದಸ್ಯರ ಹೆಸರಿನೊಂದಿಗೆ ಕಂಪ್ಯೂಟರಿಗೆ ತುಂಬಿ ತಾಳೆ ನೋಡುವ ಕೆಲಸ ಈಕೆಯೊಬ್ಬರ ಹೆಗಲಿಗೇ ಬಂದಿತ್ತು. ಅದು ಡಿಸೆಂಬರ್ ಮುಗಿಯುವವರೆಗೆ ಹಿಡಿಯುತ್ತದೆ ಎಂದು ಆಕೆಯೇ ಹೇಳಿದರು. ಅಂದರೆ ಜುಲೈ ಆವೃತ್ತಿಗೆ ತಡವಾಗಿ ಸೇರಿದರೆ, ಸಿದ್ಧಪಾಠಗಳು ಕೈಸೇರಿ ಓದು ಹಿಡಿಯಬೇಕಾದ ಹೊತ್ತೇ ಅವರ ವರ್ಷದ ಅತ್ಯಂತ ಬಿಡುವಿಲ್ಲದ ಹೊತ್ತಾಗುತ್ತಿತ್ತು. ಇದಲ್ಲದೆ ಆರು ತಿಂಗಳ ಸೆಮಿಸ್ಟರಿಗೆ ತಡವಾಗಿ ಸೇರಿದವರಿಗೆ ಸಿಗುವುದು ಆರು ತಿಂಗಳಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ ದಿನ ಬರುತ್ತದೆ.

ಜನವರಿಯಲ್ಲಿ ಸೇರಿದರೆ ಈ ತೊಂದರೆ ಇಲ್ಲವೇ? ಇದೆ, ಬೇರೆ ರೂಪದಲ್ಲಿ. ಮಾರ್ಚ್ 31ಕ್ಕೆ ವರ್ಷಾಂತ್ಯ. ಬೆಳೆ ಸಾಲ ಮರುಪಾವತಿ, ನವೀಕರಣ ಎಲ್ಲ ಆ ತಿಂಗಳಿಗೇ ಮುತ್ತುತ್ತವೆ, ರಾತ್ರಿ ಒಂಬತ್ತಕ್ಕೆ ಮನೆಗೆ ಬಂದರೆ ಬೇಗ ಬಂದಂತೆ. ಜೂನ್‌ನಲ್ಲಿ ಮಳೆ ಬಿದ್ದೊಡನೆ ಗೊಬ್ಬರಕ್ಕೆ ಸಾಲು ನಿಲ್ಲುತ್ತದೆ. ಇಲ್ಲಿ ನಾನು ಒಂದು ವಿಷಯವನ್ನು ಒತ್ತಿ ಹೇಳಿದೆ, ಅದನ್ನು ಇಲ್ಲಿಯೂ ಹೇಳುತ್ತೇನೆ. ಸೆಮಿಸ್ಟರ್ ಪದ್ಧತಿಯಲ್ಲಿ ಯಾವ ಆವೃತ್ತಿಯಲ್ಲಿ ಸೇರಿದರೂ ವರ್ಷಕ್ಕೆ ಎರಡು ಪರೀಕ್ಷೆಗಳು ಬಂದೇ ಬರುತ್ತವೆ. ಎರಡು ಹಂಗಾಮುಗಳನ್ನೂ ಎದುರಿಸಲೇಬೇಕು. ಆವೃತ್ತಿಯ ಆಯ್ಕೆಯಿಂದ ಬದಲಾಗುವುದು ಒಂದೇ, ಮೊದಲ ಪರೀಕ್ಷೆ ಯಾವ ಹಂಗಾಮಿನಲ್ಲಿ ಬರುತ್ತದೆ ಎಂಬುದು. ಹತ್ತು ಹನ್ನೆರಡು ವರ್ಷ ಪುಸ್ತಕ ಮುಟ್ಟದೆ ಇದ್ದವರು ಕೈಬಿಡುವುದಾದರೆ ಬಹುಪಾಲು ಆ ಮೊದಲ ಪರೀಕ್ಷೆಯ ಮುಂಚೆಯೇ ಕೈಬಿಡುತ್ತಾರೆ ಎಂಬುದು ನನ್ನ ಅನುಭವ. ಒಂದು ಬಾರಿ ಪರೀಕ್ಷಾ ಕೊಠಡಿಯಲ್ಲಿ ಕೂತು ಬರೆದು ಬಂದವರು ಆಮೇಲೆ ಒಂದೆರಡು ಪತ್ರಿಕೆ ಉಳಿಸಿಕೊಂಡರೂ ಓದು ಬಿಡುವುದಿಲ್ಲ. ಆದ್ದರಿಂದ ಸೇರುವ ದಿನವನ್ನು ಪ್ರವೇಶಾತಿಯ ಕೊನೆಯ ದಿನಾಂಕದಿಂದ ಮುಂದಕ್ಕೆ ಎಣಿಸಬಾರದು, ಮೊದಲ ಪರೀಕ್ಷೆಯಿಂದ ಹಿಂದಕ್ಕೆ ಎಣಿಸಬೇಕು. ಆ ಪರೀಕ್ಷೆಗೆ ಹಿಂದಿನ ಎಂಟು ಹತ್ತು ವಾರ ಮನೆಯಲ್ಲಿ, ಕಚೇರಿಯಲ್ಲಿ ಏನಿರುತ್ತದೆ ಎಂದು ನೋಡಬೇಕು. ಈ ಪ್ರಕರಣದಲ್ಲಿ ಜನವರಿಗೆ ಸೇರಿದರೆ ಮಾರ್ಚ್ ಒಂದು ತಿಂಗಳು ಹೋದರೂ, ಏಪ್ರಿಲ್ ಮತ್ತು ಮೇ ಎರಡು ತಿಂಗಳು ಸೊಸೈಟಿಯಲ್ಲಿ ಕೆಲಸ ಕಡಿಮೆ, ಮಗನಿಗೆ ಬೇಸಿಗೆ ರಜೆ, ತವರಿನಲ್ಲಿ ಅವನನ್ನು ನೋಡಿಕೊಳ್ಳುವವರಿದ್ದಾರೆ. ಜೂನ್‌ನ ಗೊಬ್ಬರದ ಸಾಲನ್ನು ಬೇರೆಯವರು ಒಂದೆರಡು ದಿನ ನಿಭಾಯಿಸಬಹುದು; ವರ್ಷಾಂತ್ಯದ ಲೆಕ್ಕವನ್ನು, ಗಣಕೀಕರಣದ ತಾಳೆಯನ್ನು ಈಕೆಯ ಹೊರತು ಬೇರೆಯವರು ಮಾಡಲಾರರು.

ಕಾಯುವುದರ ವಿರುದ್ಧದ ವಾದವೂ ಗಟ್ಟಿಯಾಗಿತ್ತು; ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸರ್ಕಾರಿ ಹುದ್ದೆಗೆ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಕ್ಕೆ ಪದವಿ ಕೈಯಲ್ಲಿರಬೇಕು; ಓದುತ್ತಿದ್ದೇನೆ ಎಂದರೆ ನಡೆಯುವುದಿಲ್ಲ. ಆಗ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗಳಿಗೆ 38, ಪರಿಶಿಷ್ಟರಿಗೂ ಪ್ರವರ್ಗ 1ಕ್ಕೂ 40. ಆಕೆಗೆ 38 ಅನ್ವಯಿಸುತ್ತಿತ್ತು, ಅಂದರೆ 2031ರವರೆಗೆ ಅವಕಾಶ. ಜುಲೈ ಆವೃತ್ತಿಯಲ್ಲಿ ಸೇರಿದರೆ 2027ರ ಮಧ್ಯಕ್ಕೆ, ಜನವರಿಯಲ್ಲಿ ಸೇರಿದರೆ 2028ರ ಆರಂಭಕ್ಕೆ ಪದವಿ. ಫಲಿತಾಂಶ, ಅಂಕಪಟ್ಟಿ ಬರುವ ತಿಂಗಳುಗಳು ಬೇರೆ. ಸರ್ಕಾರ ಒಂದು ಬಾರಿಯ ವಯೋಮಿತಿ ಸಡಿಲಿಕೆ ಕೊಡುವುದುಂಟು, ಆದರೆ ಅದನ್ನು ನಂಬಿ ಬದುಕಿನ ಲೆಕ್ಕ ಹಾಕಬಾರದು. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ನೇಮಕಾತಿ 2016ರಲ್ಲಿ ನಡೆದ ಮೇಲೆ ಮತ್ತೆ ಅರ್ಜಿ ಕರೆದದ್ದು 2024ರಲ್ಲಿ, ಎಂಟು ವರ್ಷಗಳ ನಂತರ. ಇಂಥ ಅಂತರದ ನಡುವೆ ಆರು ತಿಂಗಳ ಮುನ್ನಡೆ ಒಂದು ಅಧಿಸೂಚನೆಯನ್ನು ದಕ್ಕಿಸಿಕೊಡಲೂಬಹುದು, ಏನೂ ಮಾಡದಿರಲೂಬಹುದು. ನಿಜಕ್ಕೂ ಆಕೆಗೆ ಹತ್ತಿರವಿದ್ದ ಅವಕಾಶ ಬೇರೆಯದಾಗಿತ್ತು: ಸೊಸೈಟಿಯ ಕಾರ್ಯದರ್ಶಿಗಳ ನಿವೃತ್ತಿಗೆ ಆಗ ನಾಲ್ಕು ವರ್ಷ ಉಳಿದಿತ್ತು, ಅಷ್ಟರೊಳಗೆ ಬಿ.ಕಾಂ. ಮುಗಿಸಿದ್ದರೆ ಆಡಳಿತ ಮಂಡಳಿಯ ಮುಂದೆ ತಮ್ಮ ಹೆಸರು ನಿಲ್ಲುತ್ತದೆ ಎಂದು ಆಕೆ ನಂಬಿದ್ದರು. ಆ ಲೆಕ್ಕಕ್ಕೆ ಎರಡು ಆವೃತ್ತಿಗಳೂ ಸರಿಹೋಗುತ್ತಿದ್ದವು. ಹೀಗೆ ನೋಡಿದಾಗ ಆರು ತಿಂಗಳ ನಷ್ಟ ಸಣ್ಣದು, ಮೊದಲ ಸೆಮಿಸ್ಟರಿನಲ್ಲೇ ಮುಗ್ಗರಿಸುವ ನಷ್ಟ ದೊಡ್ಡದು ಎಂಬ ತೀರ್ಮಾನಕ್ಕೆ ಬಂದೆವು.

ಆದರೆ ಗಂಡ ಹೇಳಿದ ಮಾತಿನಲ್ಲಿ ಸತ್ಯವಿತ್ತು. ಸುಮ್ಮನೆ ಕಾಯುವವರು ಕಾಯುತ್ತಲೇ ಉಳಿಯುತ್ತಾರೆ. ಅದಕ್ಕಾಗಿ ಕಾಯುವ ನಾಲ್ಕು ತಿಂಗಳಿಗೆ ಕೆಲಸ ಹಚ್ಚಿದೆವು. ಆಧಾರ್ ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ, ಒಂದೊಂದು ಅಕ್ಷರ ನೋಡಿ ತಿದ್ದಿಸುವುದು, ಅದಾದ ಮೇಲೆ ಡಿಜಿಲಾಕರ್, ಎಬಿಸಿ, ಡಿಇಬಿ ಐಡಿಗಳನ್ನು ಮಾಡಿಸುವುದು ಒಂದು. ಇನ್ನೊಂದು, ಸೇರಿದ್ದೇನೆ ಎಂದೇ ತಿಳಿದು ಓದಲು ಕೂರುವುದು: ಪಿಯುಸಿಯ ಲೆಕ್ಕಶಾಸ್ತ್ರದ ಪುಸ್ತಕವನ್ನು ಮತ್ತೆ ಮೊದಲಿನಿಂದ ಬಿಡಿಸಿ, ಪ್ರತಿದಿನ ಎಷ್ಟು ಹೊತ್ತು ಓದಿದೆ ಎಂಬುದನ್ನು ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ನಿಮಿಷದ ಲೆಕ್ಕದಲ್ಲಿ ಬರೆಯುವುದು. ಆಕೆ ರೋಜು ಕಿರ್ದಿ ಬರೆಯುವವರು. ಈ ಕೆಲಸವನ್ನು ಅದೇ ಶಿಸ್ತಿನಿಂದ ಮಾಡಿದರು. ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಐದು ಗಂಟೆಯೂ ಆಗಲಿಲ್ಲ. ಅಕ್ಟೋಬರ್ ಪೂರ್ತಿ ಸ್ಪರ್ಧಾತ್ಮಕ ಪರೀಕ್ಷೆಗೆ ಹೋಯಿತು. ನವೆಂಬರ್‌ನಲ್ಲಿ ಒಂಬತ್ತು, ಡಿಸೆಂಬರ್‌ನ ಎರಡು ವಾರ ಹದಿಮೂರು ಗಂಟೆ. ಆ ಕ್ಯಾಲೆಂಡರಿನ ಹಾಳೆಗಳನ್ನು ನೋಡಿದ ಮೇಲೆ ಗಂಡನೇ, ಸೆಪ್ಟೆಂಬರ್‌ನಲ್ಲಿ ಸೇರಿದ್ದರೆ ಕಷ್ಟವಾಗುತ್ತಿತ್ತು ಎಂದು ಒಪ್ಪಿಕೊಂಡರು. ರಾತ್ರಿಯ ಒಂದು ಗಂಟೆ ಎಂಬುದು ಒಂದು ದಿನವೂ ನಡೆಯಲಿಲ್ಲ, ಬೆಳಗಿನ ಜಾವವೇ ನಿಜವಾದ ಹೊತ್ತು ಎಂಬುದೂ ಈ ಹಾಳೆಗಳಿಂದಲೇ ಗೊತ್ತಾಯಿತು. ಶುಲ್ಕ ಕಟ್ಟುವ ಮೊದಲೇ ಇದು ತಿಳಿದದ್ದು ದೊಡ್ಡ ಉಪಕಾರ.

ನವೆಂಬರ್ ನಡುವಿನಲ್ಲಿ ಒಂದು ಸಲ ಆಕೆ ಫೋನ್ ಮಾಡಿ, "ಸರ್, ಈ ವಯಸ್ಸಿಗೆ ಇದೆಲ್ಲ ಬೇಕಾ ಅನಿಸ್ತಿದೆ" ಎಂದರು. ಸ್ಪರ್ಧಾತ್ಮಕ ಪರೀಕ್ಷೆ ಅಂದುಕೊಂಡಂತೆ ಆಗಿರಲಿಲ್ಲ. ನಾನು ಕೊಟ್ಟ ಸಲಹೆಯ ಅಪಾಯ ಇದೇ ಆಗಿತ್ತು, ಆ ದಿನ ನನಗೂ ಅಳುಕಾಯಿತು. ಸೇರಿದ್ದವರಾದರೆ ಕಟ್ಟಿದ ಶುಲ್ಕವಾದರೂ ಹಿಡಿದು ನಿಲ್ಲಿಸುತ್ತಿತ್ತು. "ಜನವರಿವರೆಗೆ ತೀರ್ಮಾನ ಮಾಡಬೇಡಮ್ಮ, ಕ್ಯಾಲೆಂಡರ್ ಮಾತ್ರ ಬಿಡಬೇಡ" ಎಂದಷ್ಟೇ ಹೇಳಿದೆ. ಆ ವಾರದ ಚೌಕಗಳಲ್ಲಿ ಮೂರು ಖಾಲಿ ಇವೆ, ನಾಲ್ಕರಲ್ಲಿ ಅಂಕಿಗಳಿವೆ.

2025ರ ಜನವರಿ ಆವೃತ್ತಿಗೆ, ಪ್ರವೇಶಾತಿ ತೆರೆದ ಮೊದಲ ದಿನಗಳಲ್ಲೇ ಸೇರಿದರು. ಸಂಪರ್ಕ ತರಗತಿಗಳಿಗೆ ಹಾಸನಕ್ಕೆ ಹೋಗಿಬರಲು ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಇರಲಿಲ್ಲ. ಖರ್ಚಾದದ್ದು ಒಂದೊಂದು ಇಡೀ ದಿನ. ಮಾರ್ಚ್‌ನಲ್ಲಿ ನಾವೆಣಿಸಿದಂತೆಯೇ ಓದು ನಿಂತಿತು, ಏಪ್ರಿಲ್‌ನಲ್ಲಿ ಮತ್ತೆ ಹಿಡಿಯಿತು. ನಾನು ಎಣಿಸದೆ ಹೋದದ್ದು ಇಂಗ್ಲಿಷ್ ಪತ್ರಿಕೆ. ವಾಣಿಜ್ಯದ ಪತ್ರಿಕೆಗಳ ಮೇಲೇ ಗಮನವಿಟ್ಟು ಭಾಷಾ ಪತ್ರಿಕೆಗೆ ಗಂಟೆಗಳನ್ನೇ ಮೀಸಲಿಡಲಿಲ್ಲ. ಕಾಯುವ ತಿಂಗಳುಗಳಲ್ಲಿ ಲೆಕ್ಕಶಾಸ್ತ್ರದ ಬದಲು ಅದನ್ನೇ ಓದಿಸಬೇಕಾಗಿತ್ತು. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಒಂದನ್ನು ಬಿಟ್ಟು ಉಳಿದೆಲ್ಲ ಪತ್ರಿಕೆಗಳಲ್ಲಿ ತೇರ್ಗಡೆಯಾದರು. ಎರಡನೆಯ ಸೆಮಿಸ್ಟರಿನ ನಡುವೆ ಅತ್ತೆ ಹಿತ್ತಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಆರು ವಾರ ಪುಸ್ತಕ ತೆರೆಯಲಾಗಲಿಲ್ಲ, ಎರಡು ಪತ್ರಿಕೆಗಳನ್ನು ಬರೆಯದೆ ಬಿಟ್ಟರು. ಬಿಡುವ ಪತ್ರಿಕೆಗಳು ಯಾವುವು, ಬರೆಯುವವು ಯಾವುವು ಎಂದು ಪರೀಕ್ಷೆಗೆ ಮುಂಚೆಯೇ ಕೂತು ಆರಿಸಿದ್ದರಿಂದ ಬರೆದವು ಕೈಕೊಡಲಿಲ್ಲ. ಆ ಬಾರಿ ನನ್ನನ್ನು ಕೇಳಲು ಬರಲಿಲ್ಲ. ತಾವೇ ಲೆಕ್ಕ ಹಾಕಿ, ಆಮೇಲೆ ಫೋನಿನಲ್ಲಿ ತಿಳಿಸಿದರು.

ಅತ್ತೆ ಈಗ ಕೋಲು ಹಿಡಿದು ಓಡಾಡುತ್ತಾರೆ. ಉಳಿದ ಮೂರು ಪತ್ರಿಕೆಗಳನ್ನು ಒಂದೇ ಸಲಕ್ಕೆ ಬರೆಯುವುದೋ, ಇಂಗ್ಲಿಷನ್ನು ಮೊದಲು ಮುಗಿಸಿ ಉಳಿದೆರಡನ್ನು ಏಪ್ರಿಲ್, ಮೇ ತಿಂಗಳ ಬಿಡುವಿನ ನಂತರದ ಪರೀಕ್ಷೆಗೆ ಇಟ್ಟುಕೊಳ್ಳುವುದೋ ಎಂದು ಆಕೆ ಯೋಚಿಸುತ್ತಿದ್ದರು. ಕಳೆದ ವಾರ ಇಂಗ್ಲಿಷ್ ಒಂದಕ್ಕೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ ಬಂದಿದ್ದಾರೆ.